ಪಿಎಚ್‌ಪಿ ಸೋಪ್‌ಕ್ಲೈಂಟ್: ದೋಷ ಬರುವುದಿಲ್ಲ, ಉತ್ತರ ಮಾತ್ರ ಸದಾ ಸೊನ್ನೆ

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಾಹಕರೊಬ್ಬರ ಗೋದಾಮಿನ ದಾಸ್ತಾನು ಮತ್ತು ಬಿಲ್ಲಿನ ಲೆಕ್ಕವೆಲ್ಲ ಹಳೆಯ ಎಎಸ್‌ಪಿ ಡಾಟ್‌ನೆಟ್ ಸೇವೆಯೊಂದರಲ್ಲಿದೆ. ವಿಳಾಸದ ಕೊನೆಯಲ್ಲಿ ಎಎಸ್‌ಎಂಎಕ್ಸ್ ಎಂದಿರುವ, ಸೋಪ್ (ಎಕ್ಸ್‌ಎಂಎಲ್ ಸಂದೇಶಗಳಿಂದ ದೂರದ ಸೇವೆಯನ್ನು ಕರೆಯುವ ಕ್ರಮ) ಮೂಲಕ ಮಾತ್ರ ಮಾತನಾಡುವ ಸೇವೆ ಅದು. ಅದನ್ನು ಪಿಎಚ್‌ಪಿ 8.2ರ ಸ್ಕ್ರಿಪ್ಟೊಂದರಿಂದ ಕರೆಯಬೇಕಾಗಿದೆ.

ಸೇವೆಯ ಮೆಥಡ್‌ಗಳನ್ನೂ ಅವು ಕೇಳುವ ಮೌಲ್ಯಗಳನ್ನೂ ವಿವರಿಸುವ ಡಬ್ಲ್ಯುಎಸ್‌ಡಿಎಲ್ ಕಡತದ ವಿಳಾಸವನ್ನು, ಸೋಪ್ ಕರೆಗಳಿಗೆಂದು ಪಿಎಚ್‌ಪಿಯಲ್ಲಿರುವ ಸೋಪ್‌ಕ್ಲೈಂಟಿಗೆ ನೇರವಾಗಿ ಕೊಟ್ಟರೆ ‘ಪಾರ್ಸಿಂಗ್ ಡಬ್ಲ್ಯುಎಸ್‌ಡಿಎಲ್: ಕುಡಂಟ್ ಲೋಡ್ ಫ್ರಮ್’ ಎಂಬ ದೋಷ ಬರುತ್ತದೆ. ಬ್ರೌಸರ್‌ನಲ್ಲಿ ಅದೇ ವಿಳಾಸ ತೆರೆದುಕೊಳ್ಳುತ್ತದೆ. ಆದ್ದರಿಂದ ಡಬ್ಲ್ಯುಎಸ್‌ಡಿಎಲ್ ಜಾಗದಲ್ಲಿ ನಲ್ ಕೊಟ್ಟು, ಲೊಕೇಶನ್ ಮತ್ತು ಯುಆರ್‌ಐ ಎಂಬ ಎರಡು ಆಯ್ಕೆಗಳನ್ನು ನಾನೇ ತುಂಬಿಸಿ ಕರೆಯುತ್ತಿದ್ದೇನೆ. ಮೊದಲು ಸರ್ವರ್, ಯಾವ ಮೆಥಡ್ ಬೇಕೆಂದು ಹೇಳುವ ಸೋಪ್‌ಆ್ಯಕ್ಷನ್ ಹೆಡರಿನ ಮೌಲ್ಯವನ್ನು ಗುರುತಿಸಲಾಗಲಿಲ್ಲವೆಂದು ದೂರಿತು. ಹೆಡರನ್ನು ಸರಿಯಾಗಿ ಕೊಟ್ಟ ಮೇಲೆ ಆ ದೂರು ನಿಂತಿದೆ.

ಈಗಿನ ತೊಂದರೆ ಬೇರೆ. ಗೆಟ್‌ಬಿಲ್‌ಅಮೌಂಟ್ ಎಂಬ ಮೆಥಡ್‌ಗೆ ಐಟಂಕೋಡ್ ಮತ್ತು ಕ್ವಾಂಟಿಟಿ ಎಂಬ ಎರಡು ಮೌಲ್ಯಗಳನ್ನು ಸೋಪ್‌ಪ್ಯಾರಂ ಮೂಲಕ, ಹೆಸರು ಸಮೇತ ಕಳುಹಿಸುತ್ತೇನೆ. ಯಾವ ದೋಷವೂ ಇಲ್ಲದೆ 200 ಸ್ಥಿತಿಯೊಂದಿಗೆ ಉತ್ತರ ಬರುತ್ತದೆ, ಆದರೆ ಯಾವ ಸರಕು, ಎಷ್ಟು ಪ್ರಮಾಣ ಕೊಟ್ಟರೂ ಮೊತ್ತ ಸೊನ್ನೆ. ಗೋದಾಮಿನ ಹೆಸರು ಕೇಳುವ ಗೆಟ್‌ಸ್ಟಾಕ್ ಎಂಬ ಇನ್ನೊಂದು ಮೆಥಡ್ ಮಾತ್ರ ‘ಆಬ್ಜೆಕ್ಟ್ ರೆಫರೆನ್ಸ್ ನಾಟ್ ಸೆಟ್ ಟು ಆ್ಯನ್ ಇನ್‌ಸ್ಟೆನ್ಸ್ ಆಫ್ ಆ್ಯನ್ ಆಬ್ಜೆಕ್ಟ್’ ಎಂದು 500 ದೋಷ ಕೊಡುತ್ತದೆ. ಸೋಪ್ ಸೇವೆಗಳನ್ನು ಪರೀಕ್ಷಿಸುವ ಸೋಪ್‌ಯುಐ ತಂತ್ರಾಂಶದಿಂದ ಕಳುಹಿಸಿದರೆ ಎರಡೂ ಸರಿಯಾದ ಉತ್ತರ ಕೊಡುತ್ತವೆ. ಸರ್ವರ್ ನೋಡಿಕೊಳ್ಳುವವರು ತಮ್ಮ ಕಡೆ ಏನೂ ದೋಷವಿಲ್ಲ ಎನ್ನುತ್ತಾರೆ. ಎಲ್ಲಿಂದ ಹುಡುಕಲು ತೊಡಗಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಡತ ವಿಭಾಗ

ಕೋಡ್ ನೋಡುವುದಕ್ಕಿಂತ ಮೊದಲು ತಂತಿಯ ಮೇಲೆ ಏನು ಹೋಗುತ್ತಿದೆ ಎಂಬುದನ್ನು ನೋಡಬೇಕು. ಸೋಪ್‌ಕ್ಲೈಂಟ್ ಸೃಷ್ಟಿಸುವಾಗ ಟ್ರೇಸ್ ಆಯ್ಕೆಯನ್ನು ಟ್ರೂ ಎಂದು ಕೊಡಿ. ಕರೆಯಾದ ಮೇಲೆ ಗೆಟ್‌ಲಾಸ್ಟ್‌ರಿಕ್ವೆಸ್ಟ್ ಮತ್ತು ಗೆಟ್‌ಲಾಸ್ಟ್‌ರಿಕ್ವೆಸ್ಟ್‌ಹೆಡರ್ಸ್ ಎಂಬ ಫಂಕ್ಷನ್‌ಗಳನ್ನು (ಎರಡರ ಹೆಸರಿನ ಆರಂಭದಲ್ಲಿಯೂ ಎರಡೆರಡು ಅಂಡರ್‌ಸ್ಕೋರ್ ಇರುತ್ತದೆ) ಮುದ್ರಿಸಿ. ಟ್ರೇಸ್ ಇಲ್ಲದಿದ್ದರೆ ಅವು ಏನನ್ನೂ ಹಿಂದಿರುಗಿಸುವುದಿಲ್ಲ. ದೋಷ ಬರುವ ಕರೆಗಳಿಗೂ ಇದು ಬೇಕು, ಆದ್ದರಿಂದ ಮುದ್ರಿಸುವ ಸಾಲು ಕ್ಯಾಚ್ ಬ್ಲಾಕಿನ ಒಳಗೂ ಇರಲಿ.

ಆಮೇಲೆ ಸೋಪ್‌ಯುಐ ಕಳುಹಿಸಿದ ಎಕ್ಸ್‌ಎಂಎಲ್ ಅನ್ನು ಅದರ ಪಕ್ಕದಲ್ಲಿಟ್ಟು ಟ್ಯಾಗಿನಿಂದ ಟ್ಯಾಗಿಗೆ ಹೋಲಿಸಿ. ಒಂದು ಕೆಲಸ ಮಾಡುತ್ತಿದೆ, ಇನ್ನೊಂದು ಮಾಡುತ್ತಿಲ್ಲ ಎಂದಾದರೆ ಕಾರಣ ಆ ಎರಡು ಕಾಗದಗಳ ವ್ಯತ್ಯಾಸದಲ್ಲಿಯೇ ಇರಬೇಕು. ಎಕ್ಸ್‌ಎಂಎಲ್ ಇಲ್ಲಿ ಹಾಕುವಾಗ ಪಾಸ್‌ವರ್ಡ್ ಮತ್ತು ಸರ್ವರಿನ ಹೆಸರನ್ನು ಅಳಿಸಿ ಹಾಕಿ.

ಪ್ರತಿಕ್ರಿಯೆ: ತುಂಗಾತೀರ

ಧನ್ಯವಾದಗಳು. ಹೋಲಿಸಿ ನೋಡಿದೆ. ನನ್ನ ಸ್ಕ್ರಿಪ್ಟ್ ಕಳುಹಿಸುವುದರಲ್ಲಿ ಗೆಟ್‌ಬಿಲ್‌ಅಮೌಂಟ್ ಟ್ಯಾಗಿನ ಹಿಂದೆ ಎನ್‌ಎಸ್1 ಎಂಬ ಪೂರ್ವಪದವಿದೆ, ಒಳಗಿನ ಐಟಂಕೋಡ್ ಮತ್ತು ಕ್ವಾಂಟಿಟಿ ಟ್ಯಾಗುಗಳ ಹಿಂದೆ ಏನೂ ಇಲ್ಲ. ಆದರೆ ಅವುಗಳಿಗೆ ಎಕ್ಸ್‌ಎಸ್‌ಐ ಟೈಪ್ ಎಂಬ ಗುಣವೊಂದು ಸೇರಿಕೊಂಡಿದೆ. ಸೋಪ್‌ಯುಐ ಕಳುಹಿಸುವುದರಲ್ಲಿ ಹೊರಗಿನದಕ್ಕೂ ಒಳಗಿನವುಗಳಿಗೂ ಟೆಮ್ ಎಂಬ ಒಂದೇ ಪೂರ್ವಪದವಿದೆ, ಟೈಪ್ ಗುಣ ಎಲ್ಲಿಯೂ ಇಲ್ಲ. ಮೌಲ್ಯಗಳು ಎರಡರಲ್ಲಿಯೂ ಸರಿಯಾಗಿಯೇ ಇವೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಉತ್ತರ ಸೊನ್ನೆಯಾಗುವುದೇ? ಹಾಗಾದರೆ ಸರ್ವರ್ ದೋಷವನ್ನಾದರೂ ಹೇಳಬೇಕಿತ್ತಲ್ಲವೇ?

ಉತ್ತರ: ಮಲೆನಾಡಿಗ

ಅದು ಸಣ್ಣ ವ್ಯತ್ಯಾಸವಲ್ಲ, ನಿಮ್ಮ ಎರಡೂ ಲಕ್ಷಣಗಳಿಗೆ ಅದೇ ಕಾರಣ. ಎಕ್ಸ್‌ಎಂಎಲ್‌ನಲ್ಲಿ ಒಂದು ಟ್ಯಾಗಿನ ಗುರುತು ಅದರ ಹೆಸರು ಮಾತ್ರವಲ್ಲ, ಹೆಸರು ಮತ್ತು ಅದು ಸೇರಿದ ನೇಮ್‌ಸ್ಪೇಸ್ (ಹೆಸರುಗಳ ಗುಂಪಿನ ಗುರುತು) ಎರಡೂ ಕೂಡಿದ್ದು. ಒಂದೇ ತರಗತಿಯ ಇಬ್ಬರು ಮಂಜುನಾಥರನ್ನು ಹಾಜರಿ ಪುಸ್ತಕ ಇನಿಷಿಯಲ್‌ನಿಂದ ಬೇರೆ ಮಾಡುವ ಹಾಗೆ. ಪೂರ್ವಪದ ಎನ್‌ಎಸ್1 ಆಗಿರಲಿ, ಟೆಮ್ ಆಗಿರಲಿ, ಅದಕ್ಕೆ ಸ್ವಂತ ಅರ್ಥವಿಲ್ಲ. ಅದು ಯಾವ ನೇಮ್‌ಸ್ಪೇಸಿಗೆ ಕಟ್ಟಿಕೊಂಡಿದೆ ಎಂಬುದಷ್ಟೇ ಲೆಕ್ಕ. ನಿಮ್ಮ ಒಳ ಟ್ಯಾಗುಗಳು ಯಾವ ನೇಮ್‌ಸ್ಪೇಸಿಗೂ ಸೇರಿಲ್ಲ.

ಎಎಸ್‌ಎಂಎಕ್ಸ್ ಸೇವೆಗಳ ಸ್ಕೀಮಾದಲ್ಲಿ (ಟ್ಯಾಗುಗಳ ರಚನೆ ಹೇಳುವ ನಿಯಮಪಟ್ಟಿ) ಎಲಿಮೆಂಟ್‌ಫಾರ್ಮ್‌ಡಿಫಾಲ್ಟ್ ಸಾಮಾನ್ಯವಾಗಿ ಕ್ವಾಲಿಫೈಡ್ ಎಂದಿರುತ್ತದೆ, ಅಂದರೆ ಒಳಗಿನ ಟ್ಯಾಗುಗಳೂ ಹೊರಗಿನದರ ನೇಮ್‌ಸ್ಪೇಸಿನಲ್ಲಿಯೇ ಇರಬೇಕು. ಸರ್ವರಿನಲ್ಲಿ ಇವುಗಳನ್ನು ಓದುವ ಎಕ್ಸ್‌ಎಂಎಲ್ ಸೀರಿಯಲೈಸರ್ ಗುರುತು ಸಿಗದ ಟ್ಯಾಗನ್ನು ಕಂಡರೆ ದೋಷ ಎಸೆಯುವುದಿಲ್ಲ, ಮೌನವಾಗಿ ಬಿಟ್ಟು ಮುಂದೆ ಹೋಗುತ್ತದೆ. ಹಾಗೆ ಬಿಟ್ಟ ಮೇಲೆ ಕ್ವಾಂಟಿಟಿ ಪೂರ್ಣಾಂಕವಾದ್ದರಿಂದ ಅದಕ್ಕೆ ಸಹಜ ಮೌಲ್ಯವಾದ ಸೊನ್ನೆ ಸಿಗುತ್ತದೆ, ಐಟಂಕೋಡ್ ಸ್ಟ್ರಿಂಗ್ ಆದ್ದರಿಂದ ಅದು ನಲ್ ಆಗುತ್ತದೆ. ಸೊನ್ನೆ ಪ್ರಮಾಣಕ್ಕೆ ಸೊನ್ನೆ ರೂಪಾಯಿ ಬಿಲ್ ಬರುವುದು ನ್ಯಾಯವೇ. ಗೆಟ್‌ಸ್ಟಾಕ್ ಬಹುಶಃ ಗೋದಾಮಿನ ಹೆಸರಿನ ಮೇಲೆ ಏನೋ ಕೆಲಸ ಮಾಡಲು ಹೋಗುತ್ತದೆ, ಹೆಸರು ನಲ್ ಆಗಿರುವುದರಿಂದ ಅಲ್ಲಿಯೇ ಮುಗ್ಗರಿಸುತ್ತದೆ. ‘ನಮ್ಮ ಕಡೆ ದೋಷವಿಲ್ಲ’ ಎಂದವರ ಮಾತು ತಾಂತ್ರಿಕವಾಗಿ ನಿಜ, ಆದರೆ ಬಂದ ಹೆಸರು ಖಾಲಿಯೇ ಎಂದು ಪರೀಕ್ಷಿಸದ ಕೋಡನ್ನು ನಾನಂತೂ ಒಳ್ಳೆಯದೆನ್ನಲಾರೆ.

ಡಬ್ಲ್ಯುಎಸ್‌ಡಿಎಲ್ ಇಲ್ಲದ ವಿಧಾನದಲ್ಲಿ ಪಿಎಚ್‌ಪಿಗೆ ಸ್ಕೀಮಾ ಗೊತ್ತಿರುವುದಿಲ್ಲ. ಅದು ಆರ್‌ಪಿಸಿ ಶೈಲಿ (ಮೆಥಡ್ ಹೆಸರಿನ ಟ್ಯಾಗಿನೊಳಗೆ ಮೌಲ್ಯಗಳು) ಮತ್ತು ಎನ್‌ಕೋಡೆಡ್ ಬಳಕೆ (ಪ್ರತಿ ಮೌಲ್ಯಕ್ಕೂ ಅದರ ಬಗೆಯ ಗುರುತು) ಎಂದು ತಾನೇ ಊಹಿಸಿ, ಟೈಪ್ ಗುಣಗಳನ್ನು ಸೇರಿಸಿ, ಒಳ ಟ್ಯಾಗುಗಳನ್ನು ನೇಮ್‌ಸ್ಪೇಸ್ ಇಲ್ಲದೆ ಬರೆಯುತ್ತದೆ. ನೀವು ಮೊದಲು ಕಂಡ ಸೋಪ್‌ಆ್ಯಕ್ಷನ್ ದೂರಿಗೂ ಇದೇ ಊಹೆ ಮೂಲ. ಪಿಎಚ್‌ಪಿ ಯುಆರ್‌ಐ ಮತ್ತು ಮೆಥಡ್ ಹೆಸರಿನ ನಡುವೆ ಹ್ಯಾಶ್ ಚಿಹ್ನೆ ಹಾಕುತ್ತದೆ, ಡಾಟ್‌ನೆಟ್ ಅಲ್ಲಿ ಓರೆಗೆರೆಯನ್ನು ನಿರೀಕ್ಷಿಸುತ್ತದೆ. ಪರ್ಲ್‌ನ ಸೋಪ್ ಲೈಟ್ ಬಳಸಿದವರಿಗೂ ಇದೇ ಹ್ಯಾಶ್ ತಲೆನೋವು ಪರಿಚಿತ; ಅಲ್ಲಿ ಆನ್‌ಆ್ಯಕ್ಷನ್ ಎಂಬ ಫಂಕ್ಷನ್ ಬರೆದು ಸರಿಪಡಿಸುವುದು ವಾಡಿಕೆ.

ಪರಿಹಾರಕ್ಕೆ ಎರಡು ದಾರಿಗಳಿವೆ. ಸರಿಯಾದ ದಾರಿ ಡಬ್ಲ್ಯುಎಸ್‌ಡಿಎಲ್‌ಗೆ ಮರಳುವುದು. ಅದು ಲೋಡ್ ಆಗದಿರುವುದಕ್ಕೆ ನಿಜವಾದ ಕಾರಣ ತಿಳಿಯಲು ಅದೇ ವಿಳಾಸವನ್ನು ಫೈಲ್‌ಗೆಟ್‌ಕಂಟೆಂಟ್ಸ್‌ನಿಂದ ಓದಿ ನೋಡಿ. ಸೋಪ್‌ಕ್ಲೈಂಟ್ ನುಂಗಿಹಾಕುವ ಎಚ್ಚರಿಕೆಯನ್ನು ಅದು ಪೂರ್ತಿಯಾಗಿ ತೋರಿಸುತ್ತದೆ. ಸಂಸ್ಥೆಯ ಒಳಗಿನ ಪ್ರಾಧಿಕಾರ ಸಹಿ ಮಾಡಿದ ಪ್ರಮಾಣಪತ್ರವಿದ್ದಾಗ ‘ಸರ್ಟಿಫಿಕೇಟ್ ವೆರಿಫೈ ಫೇಲ್ಡ್’ ಎಂದು ಬರುವುದು ಬಹಳ ಸಾಮಾನ್ಯ. ಆ ಪ್ರಾಧಿಕಾರದ ಪ್ರಮಾಣಪತ್ರ ನಿಮ್ಮ ಬ್ರೌಸರಿಗೆ ಗೊತ್ತಿರುತ್ತದೆ, ಪಿಎಚ್‌ಪಿಗೆ ಗೊತ್ತಿರುವುದಿಲ್ಲ. ಹಾಗಿದ್ದರೆ ಆ ಪ್ರಮಾಣಪತ್ರದ ಕಡತವನ್ನು ಸ್ಟ್ರೀಮ್ ಕಾಂಟೆಕ್ಸ್ಟಿನ ಸಿಎಫೈಲ್ ಆಯ್ಕೆಯಲ್ಲಿ ಕೊಟ್ಟು, ಆ ಕಾಂಟೆಕ್ಸ್ಟನ್ನು ಸೋಪ್‌ಕ್ಲೈಂಟಿಗೆ ಒಪ್ಪಿಸಿ. ವೆರಿಫೈಪಿಯರ್ ಅನ್ನು ಫಾಲ್ಸ್ ಮಾಡಿಬಿಡಿ ಎಂಬ ಸಲಹೆ ಹುಡುಕಿದಲ್ಲೆಲ್ಲ ಸಿಗುತ್ತದೆ. ಬಿಲ್ಲಿನ ಲೆಕ್ಕ ಓಡಾಡುವ ದಾರಿಯಲ್ಲಿ ಅದನ್ನು ಮಾಡಬೇಡಿ.

ಎರಡನೆಯದು, ಡಬ್ಲ್ಯುಎಸ್‌ಡಿಎಲ್ ಸಿಗುವುದೇ ಇಲ್ಲವೆಂದಾದರೆ ಮಾತ್ರ. ಸೋಪ್‌ಪ್ಯಾರಂ ಬದಲಿಗೆ ಸೋಪ್‌ವಾರ್ ಬಳಸಿ. ಅದರ ಐದನೆಯ ಆರ್ಗ್ಯುಮೆಂಟ್ ಟ್ಯಾಗಿನ ಹೆಸರು, ಆರನೆಯದು ಟ್ಯಾಗಿನ ನೇಮ್‌ಸ್ಪೇಸ್. ಜೊತೆಗೆ ಯೂಸ್ ಆಯ್ಕೆಯನ್ನು ಲಿಟರಲ್ ಎಂದು ಕೊಟ್ಟರೆ ಟೈಪ್ ಗುಣಗಳು ಹೋಗುತ್ತವೆ. ಸ್ಟೈಲ್ ಆಯ್ಕೆಯನ್ನು ಮಾತ್ರ ಆರ್‌ಪಿಸಿ ಎಂದೇ ಬಿಡಿ. ಸೇವೆ ಡಾಕ್ಯುಮೆಂಟ್ ಶೈಲಿಯದಾದರೂ, ಈ ವಿಧಾನದಲ್ಲಿ ಸ್ಟೈಲನ್ನು ಡಾಕ್ಯುಮೆಂಟ್ ಎಂದು ಬದಲಿಸಿದರೆ ಹೊರಗಿನ ಗೆಟ್‌ಬಿಲ್‌ಅಮೌಂಟ್ ಟ್ಯಾಗನ್ನೇ ಪಿಎಚ್‌ಪಿ ಬರೆಯುವುದಿಲ್ಲ. ನೇಮ್‌ಸ್ಪೇಸನ್ನು ಅಕ್ಷರಕ್ಕೆ ಅಕ್ಷರ ಹೋಲಿಸಲಾಗುವುದರಿಂದ ಕೊನೆಯ ಓರೆಗೆರೆಯೂ ಮುಖ್ಯ. ನಿಮ್ಮ ಸೋಪ್‌ಯುಐ ಟೆಮ್ ಎಂದು ಬರೆದಿರುವುದನ್ನು ನೋಡಿದರೆ ಅದು ಟೆಂಪ್‌ಯುಆರ್‌ಐ ಡಾಟ್ ಆರ್ಗ್ ಇರಬೇಕು. ಅದು ವಿಶುವಲ್ ಸ್ಟುಡಿಯೋ ತಾತ್ಕಾಲಿಕವಾಗಿ ತುಂಬಿಸುವ ಹೆಸರು, ಬದಲಿಸಿಕೊಳ್ಳಿ ಎಂದೇ ಇಟ್ಟದ್ದು. ಬದಲಿಸಿದವರು ವಿರಳ.

ಉತ್ತರ: ಬೆರಳಚ್ಚು

ಇಷ್ಟೆಲ್ಲ ಹೆಣಗಾಟ ಏಕೆ ಎಂಬುದು ನನ್ನ ಪ್ರಶ್ನೆ. ಸೋಪ್‌ಯುಐ ಕಳುಹಿಸಿದ ಎಕ್ಸ್‌ಎಂಎಲ್ ಕೆಲಸ ಮಾಡುತ್ತಿದೆಯಲ್ಲ. ಅದನ್ನೇ ಮಾದರಿಯಾಗಿ ಸ್ಟ್ರಿಂಗಿನಲ್ಲಿಟ್ಟುಕೊಂಡು, ಎರಡು ಮೌಲ್ಯಗಳನ್ನು ನಡುವೆ ಸೇರಿಸಿ, ಎಚ್‌ಟಿಟಿಪಿ ಕೋರಿಕೆಗಳನ್ನು ನೇರವಾಗಿ ಕಳುಹಿಸುವ ಕರ್ಲ್ ಮೂಲಕ ಪೋಸ್ಟ್ ಮಾಡಿದರೆ ಮುಗಿಯಿತು. ಎರಡು ಮೆಥಡ್‌ಗಳಿಗಾಗಿ ಒಂದು ಕೋಡ್ ಗ್ರಂಥಾಲಯದ (ಇಲ್ಲಿ ಸೋಪ್‌ಕ್ಲೈಂಟ್) ಊಹೆಗಳೊಡನೆ ಗುದ್ದಾಡುವುದಕ್ಕಿಂತ ಇದು ಸರಳ, ಏನು ಹೋಗುತ್ತಿದೆ ಎಂಬುದೂ ಕಣ್ಣೆದುರೇ ಇರುತ್ತದೆ.

ಉತ್ತರ: ಮಲೆನಾಡಿಗ

ತನಿಖೆಯ ಹಂತಕ್ಕೆ ನಿಮ್ಮ ಸಲಹೆ ಒಳ್ಳೆಯದೇ. ಗ್ರಂಥಾಲಯವನ್ನು ಬದಿಗಿಟ್ಟು ಕರ್ಲ್‌ನಿಂದ ಕಳುಹಿಸಿದರೆ ತೊಂದರೆ ಜಾಲದಲ್ಲಿದೆಯೋ ಎಕ್ಸ್‌ಎಂಎಲ್‌ನಲ್ಲಿದೆಯೋ ಎಂಬುದು ಒಂದೇ ಸಲಕ್ಕೆ ಗೊತ್ತಾಗುತ್ತದೆ. ಆದರೆ ನಿತ್ಯದ ಬಳಕೆಗೆ ಇಡುವುದಾದರೆ ಕೆಲವು ವಿಷಯಗಳಲ್ಲಿ ಎಚ್ಚರ ಬೇಕು.

ಗೋದಾಮಿನ ಹೆಸರಿನಲ್ಲಿ ಆ್ಯಂಪರ್‌ಸ್ಯಾಂಡ್ ಚಿಹ್ನೆ ಇದ್ದರೆ (‘ಇಂಥವರು ಆ್ಯಂಡ್ ಸನ್ಸ್’ ಎಂಬ ಹೆಸರುಗಳು ನಮ್ಮ ಪೇಟೆಗಳಲ್ಲಿ ಬೇಕಾದಷ್ಟಿವೆ) ಸ್ಟ್ರಿಂಗಿನಲ್ಲಿ ನೇರವಾಗಿ ಸೇರಿಸಿದ ಕೂಡಲೇ ಎಕ್ಸ್‌ಎಂಎಲ್ ಕೆಡುತ್ತದೆ. ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಫಂಕ್ಷನ್ನಿಗೆ ಎಕ್ಸ್‌ಎಂಎಲ್1 ಗುರುತು ಕೊಟ್ಟು ಪ್ರತಿ ಮೌಲ್ಯವನ್ನೂ ಹಾಯಿಸಬೇಕು. ಕನ್ನಡದ ಹೆಸರುಗಳನ್ನು ಕಳುಹಿಸುವವರಿಗೆ ಇನ್ನೊಂದು ಗುಂಡಿಯಿದೆ: ಕಂಟೆಂಟ್‌ಲೆಂಗ್ತ್ ಹೆಡರನ್ನು ಕೈಯಿಂದ ಬರೆಯುವವರು ಎಂಬಿಸ್ಟ್ರ್‌ಲೆನ್ ಬಳಸಿದರೆ ಅಕ್ಷರಗಳ ಲೆಕ್ಕ ಬರುತ್ತದೆ, ಹೆಡರಿಗೆ ಬೇಕಾಗಿರುವುದು ಬೈಟುಗಳ ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಕೋಡ್ ಪಾಯಿಂಟಿಗೂ 3 ಬೈಟು ಬೇಕಾಗುವುದರಿಂದ ಸಂದೇಶದ ಬಾಲ ಕತ್ತರಿಸಿಹೋಗಿ, ಎಕ್ಸ್‌ಎಂಎಲ್ ಅರ್ಧಕ್ಕೆ ನಿಂತಿತೆಂಬ ದೂರು ಬರುತ್ತದೆ. ಇಂಗ್ಲಿಷ್ ಹೆಸರುಗಳಿಗೆ ಅದೇ ಕೋಡ್ ಸರಿಯಾಗಿ ನಡೆಯುತ್ತದೆ. ಆ ಹೆಡರನ್ನು ಕರ್ಲ್‌ಗೇ ಬಿಟ್ಟುಬಿಡುವುದು ಲೇಸು.

ಕಂಟೆಂಟ್‌ಟೈಪ್ ಸಹ ಆವೃತ್ತಿಗೆ ಹೊಂದಿಕೆಯಾಗಬೇಕು. 2000ದಲ್ಲಿ ಬಂದ ಸೋಪ್ 1.1ಕ್ಕೆ ಟೆಕ್ಸ್ಟ್ ಎಕ್ಸ್‌ಎಂಎಲ್ ಮತ್ತು ಪ್ರತ್ಯೇಕ ಸೋಪ್‌ಆ್ಯಕ್ಷನ್ ಹೆಡರ್. 2003ರಲ್ಲಿ ಡಬ್ಲ್ಯು3ಸಿ ಶಿಫಾರಸಾದ 1.2ಕ್ಕೆ ಅಪ್ಲಿಕೇಶನ್ ಸೋಪ್ ಪ್ಲಸ್ ಎಕ್ಸ್‌ಎಂಎಲ್, ಆ್ಯಕ್ಷನ್ ಅದೇ ಸಾಲಿನ ಒಳಗೆ. ಎರಡರ ಎನ್ವಲಪ್ (ಇಡೀ ಸಂದೇಶವನ್ನು ಸುತ್ತುವ ಹೊರ ಟ್ಯಾಗ್) ನೇಮ್‌ಸ್ಪೇಸುಗಳೂ ಬೇರೆ. ಒಂದರ ಎನ್ವಲಪ್ಪಿಗೆ ಇನ್ನೊಂದರ ಹೆಡರ್ ಸೇರಿದರೆ 415 ದೋಷ ಬರಬಹುದು.

ಪ್ರತಿಕ್ರಿಯೆ: ತುಂಗಾತೀರ

ಕಾರಣ ಪ್ರಮಾಣಪತ್ರವೇ ಆಗಿತ್ತು. ಗ್ರಾಹಕರಿಂದ ಅವರ ಪ್ರಾಧಿಕಾರದ ಕಡತವನ್ನು ಪಡೆದು ಸಿಎಫೈಲ್‌ನಲ್ಲಿ ಕೊಟ್ಟ ಮೇಲೆ ಡಬ್ಲ್ಯುಎಸ್‌ಡಿಎಲ್ ಲೋಡ್ ಆಗುತ್ತಿದೆ. ಆದರೆ ಮೌಲ್ಯಗಳನ್ನು ಮೊದಲಿನಂತೆಯೇ ಒಂದಾದ ಮೇಲೊಂದು ಕೊಟ್ಟರೆ ‘ಎನ್‌ಕೋಡಿಂಗ್: ಆಬ್ಜೆಕ್ಟ್ ಹ್ಯಾಸ್ ನೋ ಐಟಂಕೋಡ್ ಪ್ರಾಪರ್ಟಿ’ ಎನ್ನುತ್ತದೆ. ಅವುಗಳನ್ನು ಹೆಸರಿರುವ ಒಂದೇ ಅರೇಯಲ್ಲಿಟ್ಟು ಕೊಟ್ಟರೆ ಆ ದೋಷ ಹೋಗಿ ‘ಕುಡ್ ನಾಟ್ ಕನೆಕ್ಟ್ ಟು ಹೋಸ್ಟ್’ ಬರುತ್ತದೆ. ಡಬ್ಲ್ಯುಎಸ್‌ಡಿಎಲ್ ತರಲು ಸಾಧ್ಯವಾದ ಯಂತ್ರದಿಂದಲೇ ಅದೇ ಸರ್ವರನ್ನು ತಲುಪಲಾಗುವುದಿಲ್ಲವೇ?

ಉತ್ತರ: ಕಡತ ವಿಭಾಗ

ಅದೇ ಸರ್ವರ್ ಎಂದು ನೀವು ಭಾವಿಸಿದ್ದೀರಿ. ಡಬ್ಲ್ಯುಎಸ್‌ಡಿಎಲ್ ಕಡತದ ಕೊನೆಯಲ್ಲಿ ಸರ್ವೀಸ್ ಎಂಬ ಭಾಗದೊಳಗೆ ಅಡ್ರೆಸ್ ಟ್ಯಾಗ್ ಇರುತ್ತದೆ, ಸೋಪ್‌ಕ್ಲೈಂಟ್ ಕರೆ ಕಳುಹಿಸುವುದು ಅಲ್ಲಿ ಬರೆದಿರುವ ವಿಳಾಸಕ್ಕೆ. ಸರ್ವರಿನ ಮುಂದೆ ಪ್ರಾಕ್ಸಿ (ಕರೆಗಳನ್ನು ಪಡೆದು ಒಳಗೆ ದಾಟಿಸುವ ಮಧ್ಯವರ್ತಿ) ಕುಳಿತಿರುವ ಕಡೆಗಳಲ್ಲಿ ಅಲ್ಲಿ ಒಳಜಾಲದ ಯಂತ್ರದ ಹೆಸರೋ, ಎಸ್ ಇಲ್ಲದ ಎಚ್‌ಟಿಟಿಪಿ ವಿಳಾಸವೋ ಸಿಗುವುದು ಹೊಸದಲ್ಲ. ಡಬ್ಲ್ಯುಎಸ್‌ಡಿಎಲ್ ಕೊಟ್ಟಿರುವಾಗಲೂ ಲೊಕೇಶನ್ ಆಯ್ಕೆಯಲ್ಲಿ ಸರಿಯಾದ ವಿಳಾಸ ಬರೆದರೆ ಅದು ಒಳಗಿನದನ್ನು ಮೀರುತ್ತದೆ.

ಅರೇ ಕುರಿತು ನೀವು ಮಾಡಿದ್ದು ಸರಿ. ಇಂಥ ಸೇವೆಗಳಲ್ಲಿ ಮೆಥಡ್‌ಗೆ ನಿಜವಾಗಿ ಇರುವುದು ಒಂದೇ ಆರ್ಗ್ಯುಮೆಂಟ್, ಹೊರಗಿನ ಟ್ಯಾಗ್. ಉತ್ತರವೂ ಅದೇ ರೀತಿ ಸುತ್ತಿಕೊಂಡು ಬರುವುದರಿಂದ ಮೊತ್ತ ನೇರವಾಗಿ ಸಿಗದೆ ಗೆಟ್‌ಬಿಲ್‌ಅಮೌಂಟ್‌ರಿಸಲ್ಟ್ ಎಂಬ ಪ್ರಾಪರ್ಟಿಯಲ್ಲಿರುತ್ತದೆ.

ಸೇವೆಯನ್ನು ಅವರು ಬದಲಿಸಿದ ದಿನ ನೆನಪಿಡಬೇಕಾದದ್ದು ಕ್ಯಾಶ್. ಪಿಎಚ್‌ಪಿ ಡಬ್ಲ್ಯುಎಸ್‌ಡಿಎಲ್ ಅನ್ನು 86400 ಸೆಕೆಂಡು, ಅಂದರೆ ಪೂರ್ತಿ ಒಂದು ದಿನ, ಸಾಮಾನ್ಯವಾಗಿ ಟೆಂಪ್ ಕಡತಕೋಶದಲ್ಲಿ ಇಟ್ಟುಕೊಂಡಿರುತ್ತದೆ. ಪರೀಕ್ಷಿಸುವಾಗ ಕ್ಯಾಶ್ ಆಯ್ಕೆಯನ್ನು ನನ್ ಎಂದು ಕೊಡಿ, ಬಳಕೆಗೆ ಬಿಡುವಾಗ ಅದನ್ನು ತೆಗೆಯಿರಿ.

ಪ್ರತಿಕ್ರಿಯೆ: ತುಂಗಾತೀರ

ಅಡ್ರೆಸ್ ಟ್ಯಾಗಿನಲ್ಲಿ ಒಳಜಾಲದ ಹೆಸರೇ ಇತ್ತು. ಲೊಕೇಶನ್ ಕೊಟ್ಟ ಮೇಲೆ ಎರಡೂ ಮೆಥಡ್‌ಗಳು ಸರಿಯಾದ ಉತ್ತರ ಕೊಡುತ್ತಿವೆ, ಎಲ್ಲರಿಗೂ ಕೃತಜ್ಞತೆಗಳು. ಒಂದು ಉಳಿದಿದೆ: ತಿಂಗಳ ಪೂರ್ತಿ ವರದಿ ತರುವ ಕರೆ ಸುಮಾರು ಒಂದು ನಿಮಿಷ ಕಾದು ‘ಎರರ್ ಫೆಚಿಂಗ್ ಎಚ್‌ಟಿಟಿಪಿ ಹೆಡರ್ಸ್’ ಎಂದು ನಿಲ್ಲುತ್ತದೆ. ಕನೆಕ್ಷನ್‌ಟೈಮ್‌ಔಟ್ ಹೆಚ್ಚಿಸಿದರೂ ವ್ಯತ್ಯಾಸವಿಲ್ಲ.

ಉತ್ತರ: ಮಲೆನಾಡಿಗ

ಕನೆಕ್ಷನ್‌ಟೈಮ್‌ಔಟ್ ಸಂಪರ್ಕ ಸಿಗುವವರೆಗಿನ ಕಾಯುವಿಕೆಗೆ ಮಾತ್ರ ಸಂಬಂಧಿಸಿದ್ದು. ಉತ್ತರಕ್ಕಾಗಿ ಕಾಯುವ ಮಿತಿ ಪಿಎಚ್‌ಪಿಯ ಡಿಫಾಲ್ಟ್‌ಸಾಕೆಟ್‌ಟೈಮ್‌ಔಟ್, ಅದರ ಸಹಜ ಮೌಲ್ಯ 60 ಸೆಕೆಂಡು. ಆ ಕರೆಗೆ ಮೊದಲು ಇನಿಸೆಟ್‌ನಿಂದ ಅದನ್ನು ಹೆಚ್ಚಿಸಿ, ಕರೆ ಮುಗಿದ ಮೇಲೆ ಹಿಂದಿನ ಮೌಲ್ಯಕ್ಕೆ ಇಳಿಸಿ. ವರದಿಯನ್ನು ವಾರವಾರವಾಗಿ ಕೇಳಲು ಸೇವೆಯಲ್ಲಿ ಅವಕಾಶವಿದ್ದರೆ ಅದು ಇನ್ನೂ ಉತ್ತಮ. ಹಾಗೆ ಕೇಳಿದಾಗ ಯಾವುದಾದರೂ ವಾರದಲ್ಲಿ ಒಂದೇ ಬಿಲ್ ಇದ್ದರೆ ಪಿಎಚ್‌ಪಿ ಅದನ್ನು ಅರೇ ಬದಲು ಒಂಟಿ ಆಬ್ಜೆಕ್ಟಾಗಿ ಕೊಟ್ಟು ನಿಮ್ಮ ಫೋರ್‌ಈಚ್ ಅನ್ನು ಅಡ್ಡದಾರಿಗೆಳೆಯುತ್ತದೆ. ಫೀಚರ್ಸ್ ಆಯ್ಕೆಯಲ್ಲಿ ಸಿಂಗಲ್ ಎಲಿಮೆಂಟ್ ಅರೇಸ್ ಎಂಬುದನ್ನು ಈಗಲೇ ಸೇರಿಸಿಕೊಳ್ಳಿ.