ದರಗಿನಲ್ಲಿ ಸಿಕ್ಕ ನುಸಿಗೆ ಔಷಧಿ ಹೊಡೆಯಬೇಕಾ?

ಮೂಡಿಗೆರೆ ಕಡೆಯವ:
ನಿನ್ನೆ ಕಾಫಿ ತೋಟದ ಸಿಲ್ವರ್ ಓಕ್ ಬುಡದ ದರಗನ್ನು (ಉದುರಿದ ಒಣ ಎಲೆ) ಬಿಳಿ ಹಾಳೆ ಮೇಲೆ ಕೊಡವಿದೆ. ರಾಗಿ ಕಾಳಿಗಿಂತ ಸಣ್ಣ ಕಂದು ಮಣಿಗಳು ಓಡಾಡುತ್ತಿದ್ದವು. ಪಿನ್ನು ತಾಗಿಸಿದ ಕೂಡಲೇ ಕಾಲೆಲ್ಲ ಮಾಯ! ಬೀಜದ ಹಾಗೆ ಉರುಳಿದವು. ಔಷಧಿ ಅಂಗಡಿಯವರು ಫೋಟೋ ನೋಡಿ "ನುಸಿ, ಬೇಗ ಹೊಡೆಯಿರಿ" ಅಂದರು. ಡಬ್ಬಿ ತಂದಿಟ್ಟಿದ್ದೇನೆ.

ಅರಸೀಕೆರೆ ತೆಂಗು:
ನುಸಿ ಅಂದರೆ ನಂಬಬೇಡಿ ಸರ್. ನಮ್ಮ ಕಡೆ ತೆಂಗಿಗೆ ಬಂದಾಗ ಕಾಯಿ ಮೇಲೆಲ್ಲ ಕಂದು ಗಾಯ, ಬಿರುಕು. ಗಾತ್ರವೂ ಇಳಿಯಿತು. ಹೊಡೆದುಬಿಡಿ.

ಮಣ್ಣು ನೋಡುವವಳು:
ಅಣ್ಣಾ, ಎರಡೂ ನುಸಿಯೇ, ಆದರೆ ತೀರಾ ದೂರದ ನೆಂಟರು. ತೆಂಗಿನದ್ದು ಹುಳುವಿನಂತೆ ಉದ್ದ, ಕಾಲು ನಾಲ್ಕೇ. ಎಳೆಗಾಯಿ ತೊಟ್ಟಿನ ಮರೆಯಲ್ಲಿ ರಸ ಹೀರುತ್ತದೆ. ಇದಕ್ಕೆ ಎಂಟು ಕಾಲು. ಮುಂಭಾಗ ಸುಣ್ಣದ ಡಬ್ಬಿಯ ಮುಚ್ಚಳದಂತೆ ಮಡಚಿ, ಕಾಲನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಬಹುಶಃ ಥಿರಾಕಾರಿಡೇ ಕುಟುಂಬದ್ದು. ಮರಿಗಳು ಕೊಳೆತ ಕಡ್ಡಿಯೊಳಗೆ ಸುರಂಗ ಕೊರೆದು ಅಲ್ಲೇ ತಿಂದು ಬೆಳೆಯುತ್ತವೆ. ನಿಮ್ಮ ಕಾಫಿ ಗಿಡದ ಹಸಿರೆಲೆ ಅದಕ್ಕೆ ಬೇಡ.

ಅರಸೀಕೆರೆ ತೆಂಗು:
ನಾಳೆ ಕಾಫಿ ಎಲೆ ಕೆಂಪಾದರೆ?

ಮಣ್ಣು ನೋಡುವವಳು:
ಅದು ಕೆಂಪು ನುಸಿ. ಒಣ ಹವೆಯಲ್ಲಿ ಗಿಡದ ಎಲೆ ಮೇಲೇ ಕೂತಿರುತ್ತದೆ. ದರಗಿನಲ್ಲಿ ಹುಡುಕಬೇಕಿಲ್ಲ.

ಸಕಲೇಶಪುರ ರೊಬಸ್ಟಾ:
ಔಷಧಿ ದಂಡ, ಒಪ್ಪಿದೆ. ಆದರೆ ಕಣ್ಣಿಗೆ ಕಾಣದಷ್ಟಿರೋದು ಎಷ್ಟು ದರಗು ಕರಗಿಸೀತು? ಅದು ಎರೆಹುಳು, ಗೆದ್ದಲಿನ ಕೆಲಸ. ಸುಮ್ನೆ ಹೊಗಳಬೇಡಿ.

ಮಣ್ಣು ನೋಡುವವಳು:
ಒಂದನ್ನೇ ನೋಡಿದರೆ ನೀವು ಹೇಳಿದ್ದು ಸರಿ. ಆದರೆ ಕೊಳೆತ ಕಡ್ಡಿ ಮುರಿದು ಲೆನ್ಸಿನಲ್ಲಿ ನೋಡಿ. ಗಸಗಸೆಗಿಂತ ಸಣ್ಣ ಹಿಕ್ಕೆ ತುಂಬಿರುತ್ತದೆ, ಬೂಷ್ಟಿಗೆ ಅದು ಸಿದ್ಧ ಊಟ. ಇನ್ನೊಂದು, ಇವು ಬಲು ನಿಧಾನ. ಮೊಟ್ಟೆಯಿಂದ ದೊಡ್ಡದಾಗಲು ತಿಂಗಳುಗಟ್ಟಲೆ ಬೇಕು, ಚಳಿ ದೇಶಗಳಲ್ಲಿ ವರ್ಷವೂ ದಾಟುತ್ತದೆ. ಒಮ್ಮೆ ಕೊಂದರೆ ಬೇಗ ತುಂಬಿಕೊಳ್ಳುವ ಜಾತಿಯಲ್ಲ.

ಸಕಲೇಶಪುರ ರೊಬಸ್ಟಾ:
ಎಷ್ಟಿವೆ ಅಂತ ಎಣಿಸಿದವರುಂಟಾ?

ಮಣ್ಣು ನೋಡುವವಳು:
ನೀವೇ ಎಣಿಸಬಹುದು. ಬಾಟಲಿ ಕತ್ತರಿಸಿ ಲಾಳಿಕೆ ಮಾಡಿ. ಜಾಲರಿ ಮೇಲೆ ದರಗು, ಮೇಲೆ ಬಲ್ಬ್, ಕೆಳಗೆ ಸ್ಪಿರಿಟ್. ಮೇಲಿಂದ ಒಣಗಿದಂತೆ ಎಲ್ಲ ಕೆಳಗಿಳಿದು ಬೀಳುತ್ತವೆ. ಇಟಲಿಯ ಕೀಟ ವಿಜ್ಞಾನಿ ಬೆರ್ಲೇಸೆ 1905ರಲ್ಲಿ ಇದನ್ನೇ ಬಿಸಿನೀರಿನ ಕಾವಿನಿಂದ ಮಾಡಿದ್ದ. ಬಲ್ಬ್ ಇಟ್ಟವನು ಸ್ವೀಡನ್ನಿನ ಟುಲ್‌ಗ್ರೆನ್, 1918ರಲ್ಲಿ.

ಅರಸೀಕೆರೆ ತೆಂಗು:
ಬೆಂಕಿ ಕಾಲದಲ್ಲಿ ದರಗು ಬಿಡೋದೂ ಅಪಾಯ ಅಲ್ವಾ?

ಮೂಡಿಗೆರೆ ಕಡೆಯವ:
ರಸ್ತೆ ಬದಿಯದ್ದು ಮಾತ್ರ ಗುಡಿಸಿಸುತ್ತೇನೆ, ಒಳಗಿನದ್ದು ಹಾಗೇ ಇರಲಿ. ಡಬ್ಬಿಯ ಸೀಲು ಒಡೆದಿಲ್ಲ, ವಾಪಸ್ ತಗೋತಾರಾ ನೋಡಬೇಕು. ಬಲ್ಬ್ ಹಾಕಿ ಕೂತಿದ್ದೆ, ಅರ್ಧ ಗಂಟೆಗೇ ಕರೆಂಟ್ ಹೋಯಿತು. ಸ್ಪಿರಿಟ್‌ನಲ್ಲಿ ಇಲ್ಲಿವರೆಗೆ ಬಿದ್ದಿರೋದು ಒಂದು ಇರುವೆ.