ಇಇಜಿಯ ಲ್ಯಾಪುನೋವ್ ಘಾತಾಂಕ ಯಾವಾಗಲೂ ಪಾಸಿಟಿವ್ ಬರ್ತಿದೆ, ಇದು ಕೇಯಾಸೇ?

ಸಿಗ್ನಲ್_ಹುಡುಗಿ:
ಎಲ್ಲರಿಗೂ ನಮಸ್ಕಾರ. ಎಂಟೆಕ್ ಪ್ರಾಜೆಕ್ಟಿಗೆ ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಇಇಜಿ (ಮೆದುಳಿನ ವಿದ್ಯುತ್ ಸಂಕೇತ) ಡೇಟಾ ತಗೊಂಡಿದ್ದೀನಿ. ಸೆಕೆಂಡಿಗೆ 173.61 ಸ್ಯಾಂಪಲ್, ಒಂದೊಂದು ತುಣುಕೂ 4097 ಬಿಂದು. ಲೆಕ್ಕ ಬೇಗ ಮುಗೀಲಿ ಅಂತ ಮೊದಲ 2048 ಮಾತ್ರ ಬಳಸಿ, ಲ್ಯಾಪುನೋವ್ ಘಾತಾಂಕ (ಹತ್ತಿರದ ಎರಡು ಸ್ಥಿತಿಗಳು ಎಷ್ಟು ಬೇಗ ದೂರ ಸರಿಯುತ್ತವೆ ಅನ್ನೋ ಸಂಖ್ಯೆ, ಪಾಸಿಟಿವ್ ಇದ್ದರೆ ಕೇಯಾಸ್‌ನ ಸೂಚನೆ ಅಂತಾರೆ) ಲೆಕ್ಕ ಹಾಕೋ ರೋಸೆನ್‌ಸ್ಟೈನ್ ವಿಧಾನದ ಕೋಡ್ ಬರೆದೆ. ಕಣ್ಣು ತೆರೆದು ಕೂತ ಆರೋಗ್ಯವಂತರ ಎ ಸೆಟ್ಟಿಗೂ ಪಾಸಿಟಿವ್, ಫಿಟ್ಸ್ ಬಂದಾಗಿನ ಇ ಸೆಟ್ಟಿಗೂ ಪಾಸಿಟಿವ್. ‘ಮೆದುಳು ಕೇಯಾಟಿಕ್’ (ನಿಯಮಕ್ಕೆ ಒಳಪಟ್ಟಿದ್ದರೂ ಮುಂದೇನಾಗುತ್ತೆ ಅಂತ ಹೇಳಕ್ಕಾಗದ ವರ್ತನೆ) ಅಂತ ವರದಿಯಲ್ಲಿ ಬರೆದೂ ಆಗಿತ್ತು. ನಿನ್ನೆ ರಾತ್ರಿ ಬರೀ ರ‍್ಯಾಂಡಮ್ ಸಂಖ್ಯೆ ಹಾಕಿ ನೋಡಿದರೆ ಅದಕ್ಕೂ ಪಾಸಿಟಿವ್! ತಪ್ಪು ಎಲ್ಲಿದೆ?

ಹಳೇ_ಸದಸ್ಯ:
ಕೋಡ್ ಸರಿಯಾಗೇ ಇರಬಹುದು ಮೇಡಂ. ಕೇಯಾಸ್‌ಗೆ ಹೆಸರಾದ ಲೊರೆಂಟ್ಸ್ ಸಮೀಕರಣದ ಮೂರು ನಿಯತಾಂಕಗಳಿಗೆ 10, 28, 8/3 ಕೊಟ್ಟು ಓಡಿಸಿ. 0.9ರ ಹತ್ತಿರ ಬಂದರೆ ಕೋಡ್ ಮೇಲೆ ಅನುಮಾನ ಬೇಡ.

ನೀವು ಬಳಸಿದ ವಿಧಾನ ಪ್ರತಿ ಬಿಂದುವಿಗೂ ಅತಿ ಹತ್ತಿರದ ನೆರೆಬಿಂದು ಹುಡುಕಿ, ಎರಡೂ ಎಷ್ಟು ಬೇಗ ದೂರ ಸರಿಯುತ್ತವೆ ಅಂತ ಅಳೆಯುತ್ತೆ. ಹತ್ತಿರದ್ದನ್ನೇ ಆರಿಸಿಕೊಂಡ ಮೇಲೆ ದೂರ ಹೆಚ್ಚದೆ ಇನ್ನೇನಾಗುತ್ತೆ? ಅದಕ್ಕೇ ಬರೀ ನಾಯ್ಸ್‌ಗೂ ಪಾಸಿಟಿವ್. ಸಂಖ್ಯೆ ಬಿಟ್ಟು ಗ್ರಾಫ್ ನೋಡಿ. ಕೇಯಾಸ್ ಇದ್ದರೆ ದೂರದ ಲಾಗ್ ಸ್ವಲ್ಪ ಹೊತ್ತು ನೇರ ಗೆರೆಯಾಗಿ ಹತ್ತುತ್ತೆ. ರ‍್ಯಾಂಡಮ್ ಸಂಖ್ಯೆಗಳಿಗೆ ಥಟ್ಟನೆ ಮೇಲೇರಿ ಚಪ್ಪಟೆಯಾಗುತ್ತೆ. ಇಇಜಿಯಲ್ಲಿ ಇನ್ನೂ ಹುಷಾರಾಗಿರಬೇಕು. 40 ಹರ್ಟ್ಸ್ ಫಿಲ್ಟರ್ ದಾಟಿ ಬಂದ ನಾಯ್ಸ್ ನುಣುಪಾಗಿರುತ್ತೆ, ನಿಧಾನಕ್ಕೆ ಏರುತ್ತೆ, ಅದರ ಮೇಲೂ ಗೆರೆ ಚೆನ್ನಾಗೇ ಕೂರುತ್ತೆ. 1985ರ ಸುಮಾರಿಗೆ ನಿದ್ದೆಯ ಇಇಜಿಯಲ್ಲಿ ಕೇಯಾಸ್ ಇದೆ ಅಂತ ಬಂದ ವಾದಗಳು ಆಮೇಲೆ ದುರ್ಬಲವಾಗಿದ್ದಕ್ಕೆ ಇಂಥ ಕಾರಣಗಳೇ ಮುಖ್ಯ.

ಹಾಗಾಗಿ ರ‍್ಯಾಂಡಮ್ ಸಂಖ್ಯೆಯ ಜೊತೆ ಹೋಲಿಸಿದರೆ ಸಾಲದು. ಥೈಲರ್ ಮತ್ತು ಸಂಗಡಿಗರು 1992ರಲ್ಲಿ ವಿವರಿಸಿದ ಸರೊಗೇಟ್ ಡೇಟಾ (ಹೋಲಿಕೆಗಾಗಿ ಮೂಲ ಸಿಗ್ನಲ್‌ನಿಂದಲೇ ಮಾಡಿದ ನಕಲಿ ಸಿಗ್ನಲ್) ಮಾಡಿ. ಸಿಗ್ನಲ್ಲನ್ನು ಫ್ರೀಕ್ವೆನ್ಸಿಗಳಾಗಿ ಒಡೆಯೋ ಫೂರಿಯೆ ಪರಿವರ್ತನೆ ತೆಗೆದು, ಫೇಸ್‌ಗಳನ್ನು ಮಾತ್ರ ರ‍್ಯಾಂಡಮ್ ಮಾಡಿ, ವಾಪಸ್ ತನ್ನಿ. ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅನ್ನೋದು) ಹಾಗೇ ಉಳಿಯುತ್ತೆ, ನಾನ್‌ಲೀನಿಯರ್ ನಂಟು ಅಳಿಯುತ್ತೆ. 19 ಸರೊಗೇಟ್ ಮಾಡಿ. ಮೂಲ ಸಿಗ್ನಲ್ ಎಲ್ಲವನ್ನೂ ಮೀರಿದರೆ ಅದು ನಕಲಿಗಳಿಗಿಂತ ಬೇರೆ ಅಂತ ಶೇ 5ರ ಮಟ್ಟದಲ್ಲಿ ಒಪ್ಪಬಹುದು.

2048ಕ್ಕೆ ಕತ್ತರಿಸಿದ್ದನ್ನು ದಯವಿಟ್ಟು ವಾಪಸ್ ತಗೊಳ್ಳಿ. ಆ ತುಣುಕುಗಳನ್ನು ಮೊದಲ ಬಿಂದುವೂ ಕೊನೆಯ ಬಿಂದುವೂ ಹೊಂದುವ ಹಾಗೆ ಆರಿಸಿದ್ದಾರೆ. ಮಧ್ಯದಲ್ಲಿ ಕತ್ತರಿಸಿದರೆ ತುದಿಯಲ್ಲಿ ಮೆಟ್ಟಿಲು ಬಿದ್ದು, ಇಲ್ಲದ ಫ್ರೀಕ್ವೆನ್ಸಿಗಳು ಸರೊಗೇಟ್‌ಗೆ ನುಗ್ಗುತ್ತವೆ.

ಸಿಗ್ನಲ್_ಹುಡುಗಿ:
ಸರ್, ಲೊರೆಂಟ್ಸ್‌ಗೆ 0.89 ಬಂತು. ಪೂರ್ತಿ ತುಣುಕು ಹಾಕಿ ಮಾಡಿದೆ. ಎ ಸೆಟ್ಟಿನ ತುಣುಕು 19ರ ನಡುವೆಯೇ ಕಳೆದುಹೋಯಿತು. ಇ ಸೆಟ್ಟಿನದು ಸ್ಪಷ್ಟವಾಗಿ ಹೊರಗಿದೆ. ಹಾಗಾದರೆ ಫಿಟ್ಸ್ ಕೇಯಾಸ್ ಅನ್ನಬಹುದಾ?

ಹಳೇ_ಸದಸ್ಯ:
ಈ ಡೇಟಾ ಕೊಟ್ಟವರಿಗೂ 2001ರಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಇದೇ. ಆದರೆ ‘ಲೀನಿಯರ್ ನಾಯ್ಸ್ ಅಲ್ಲ’ ಅನ್ನೋದಷ್ಟೇ ಇದರಿಂದ ಸಾಬೀತಾಗುತ್ತೆ, ಕೇಯಾಸ್ ಅಂತಲ್ಲ. ಫಿಟ್ಸ್ ಕ್ಷಣಕ್ಷಣಕ್ಕೂ ಬದಲಾಗುವಂಥದ್ದು. ಸಿಗ್ನಲ್ ಒಂದೇ ಸ್ಥಿತಿಯಲ್ಲಿ ನಿಲ್ಲದಿದ್ದರೂ ಈ ಪರೀಕ್ಷೆ ಹೊರಗೆ ತೋರಿಸುತ್ತೆ. ಮೊಲಗಳ ಘ್ರಾಣ ಭಾಗವನ್ನು ಅಭ್ಯಾಸ ಮಾಡಿದ ವಾಲ್ಟರ್ ಫ್ರೀಮನ್, ಹೊಸ ವಾಸನೆ ಕಲಿಯಲು ಮೆದುಳನ್ನು ಸಜ್ಜಾಗಿಡೋದೇ ಕೇಯಾಸ್ ಅಂತ ವಾದಿಸಿದರು. ನನಗೆ ಬಹಳ ಇಷ್ಟವಾದ ಕಲ್ಪನೆ ಅದು, ಆದರೂ ನಿಮ್ಮ 23.6 ಸೆಕೆಂಡಿನ ತುಣುಕಿನಿಂದ ಅಷ್ಟು ದೂರ ಹೋಗಕ್ಕಾಗಲ್ಲ. ಎ ಸೆಟ್ಟಿನ ಗ್ರಾಫನ್ನೂ ವರದಿಯಲ್ಲಿ ಹಾಕಿ, ಬಿಡಬೇಡಿ.