ಗೇಟಿಗೊಂದು ಬೋರ್ಡು

ರಾಯರು ಊಟಕ್ಕೆ ಕರೆದಾಗಲೇ ನಮಗೆ ಅನುಮಾನ ಬರಬೇಕಿತ್ತು. ಅವರು ಸುಮ್ನೆ ಕರೆಯುವವರಲ್ಲ. ಬಿಸಿಬೇಳೆಬಾತ್ ಆಯಿತು, ಮೊಸರನ್ನ ಆಯಿತು. ಕೈ ತೊಳೆದು ಬರುವಷ್ಟರಲ್ಲಿ ನನ್ನ ತಟ್ಟೆ ಇದ್ದ ಜಾಗದಲ್ಲಿ ಒಂದು ಬಿಳಿ ಹಲಗೆ, ಒಂದು ಕಪ್ಪು ಮಾರ್ಕರ್ ಕೂತಿದ್ದವು.

"ನಿಮ್ಮ ಅಕ್ಷರ ದುಂಡಗಿದೆ ಅಲ್ವಾ? ಗೇಟಿಗೆ ಒಂದು ಬೋರ್ಡು ಬರೆದುಕೊಡಿ. ಶನಿವಾರದಿಂದ ತೋಟಕ್ಕೆ ಜನರನ್ನ ಬಿಡ್ತಾ ಇದ್ದೀನಿ."

"ಏನಂತ ಬರೀಲಿ?"

"ಅದನ್ನ ತೀರ್ಮಾನ ಮಾಡೋಕೇ ನಿಮ್ಮನ್ನೆಲ್ಲ ಕರೆದಿದ್ದು."

ನಾವೆಲ್ಲ ಅಂದರೆ ಭಾವ, ಡಾಕ್ಟ್ರು, ನಾನು. ಭಾವ ನಮಗ್ಯಾರಿಗೂ ಭಾವ ಅಲ್ಲ. ಶಿರಸಿ ಕಡೆಯವರು, ಸಿಕ್ಕಿದವರನ್ನೆಲ್ಲ ಭಾವ ಅಂತಾರೆ. ಹಾಗಾಗಿ ಆ ಹೆಸರು ಅವರಿಗೇ ಅಂಟಿಕೊಂಡಿದೆ. ರಾಯರು ಕಾರಿನ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಬ್ರೇಕ್ ಡಿಸೈನ್ ಮಾಡಿದವರು. ನಿವೃತ್ತಿಯಾದ ಮೇಲೆ ಅವರಿಗೇ ಬ್ರೇಕ್ ಇಲ್ಲದಂತಾಯಿತು. ಮಿಶಿಗನ್ ರಾಜ್ಯದ ಆನ್ ಆರ್ಬರ್ ಊರಾಚೆ ಮುಕ್ಕಾಲು ಎಕರೆ ಜಾಗ ತಗೊಂಡು 140 ಪಿಯೋನಿ ಗಿಡ ಹಾಕಿದರು.

ಪಿಯೋನಿ ನೋಡದವರಿಗೆ ಹೇಳ್ತೀನಿ. ಗುಲಾಬಿಗೆ ಮೈಸೂರು ಪೇಟ ಸುತ್ತಿದರೆ ಹೇಗಿರುತ್ತೋ ಹಾಗೆ. ಒಂದೊಂದು ಹೂವೂ ತಿಂಡಿ ತಟ್ಟೆಯಷ್ಟು ಅಗಲ. ಈ ಕಡೆ ಮೇ ಕೊನೆಯಿಂದ ಜೂನ್ ಮಧ್ಯದ ತನಕ ಅದರ ದರ್ಬಾರು. ಮಿಕ್ಕ ದಿನವೆಲ್ಲ ಮೊದಲು ಎಲೆ, ಆಮೇಲೆ ಒಣಗಿದ ಎಲೆ, ಆಮೇಲೆ ಹಿಮ.

"ಮೂರು ವಾರದ ಹೂವಿಗೆ ಬೋರ್ಡು ಬೇರೆ ಕೇಡು" ಅಂದರು ಭಾವ.

"ನೀವು ಮಾತಾಡಬೇಡಿ. ನಿಮ್ಮಿಂದ ನನ್ನ ನಾಲ್ಕು ವರ್ಷ ಮಣ್ಣಿಗೆ ಹೋಯ್ತು" ಅಂದರು ರಾಯರು.

ಅದು ನಿಜ. ಬೇರು ಬಂದ ದಿನ ನಾನೂ ಇದ್ದೆ. ಸೆಪ್ಟೆಂಬರ್ ಕೊನೆ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಮರಗೆಣಸಿನ ಹಾಗೆ ಕಂದು ಬಣ್ಣದ ಗಡ್ಡೆಗಳು. ತಲೆಯ ಹತ್ತಿರ ಕೆಂಪಗೆ ನಾಲ್ಕೈದು ಮೊಗ್ಗೆ. ಕಬ್ಬಿನ ತುಂಡಿಗೆ ಕಣ್ಣು ಅಂತೀವಲ್ಲ, ಇವರೂ ಅದನ್ನ ಕಣ್ಣು ಅಂತಲೇ ಕರೆಯುತ್ತಾರೆ. ಭಾವ ಒಂದು ಗಡ್ಡೆ ಕೈಗೆ ತಗೊಂಡು ತೂಗಿ ನೋಡಿದರು. "ಗಡ್ಡೆ ಅಂದಮೇಲೆ ಆಳ ಬೇಕು ಭಾವ. ಅಡಿಕೆ ಸಸಿಗೆ ನಾವು ಗುಂಡಿ ತೋಡೋದು ನೋಡಿಲ್ವಾ?" ಅಂದರು. ರಾಯರು ಇಂಜಿನಿಯರು ನೋಡಿ, ಅಳತೆ ಟೇಪು ಹಿಡಿದು ಎಲ್ಲವನ್ನೂ ಸರಿಯಾಗಿ ಒಂದಡಿ ಕೆಳಗೆ ಇಳಿಸಿದರು. ಒಂದು ಗೆರೆ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಪಿಯೋನಿಯ ಕಣ್ಣು ಮಣ್ಣಿನಿಂದ ಎರಡು ಇಂಚಿನೊಳಗೆ ಇರಬೇಕು. ಅದಕ್ಕಿಂತ ಕೆಳಗೆ ಹೋದರೆ ಗಿಡ ಸಾಯಲ್ಲ, ಸೇಡು ತೀರಿಸಿಕೊಳ್ಳುತ್ತೆ. ಎಲೆ ಕೊಡುತ್ತೆ, ಹೂ ಕೊಡಲ್ಲ. ಮೊದಲ ವರ್ಷ ಹೂ ಇಲ್ಲ. "ಇವು ಮೊದಲ ವರ್ಷ ಮಲಗ್ತಾವೆ, ಎರಡನೇ ವರ್ಷ ತೆವಳ್ತಾವೆ, ಮೂರನೇ ವರ್ಷ ನೆಗೀತಾವೆ ಅಂತ ಇಲ್ಲಿಯವರ ಗಾದೆ" ಅಂತ ರಾಯರು ನಮಗೇ ಸಮಾಧಾನ ಹೇಳಿದರು. ಎರಡನೇ ವರ್ಷ ಎಲೆ. ಮೂರನೇ ವರ್ಷ ಇನ್ನೂ ಒಳ್ಳೆ ಎಲೆ. ನಾಲ್ಕನೇ ವರ್ಷ ಅತ್ತಿಗೆ, ಅಂದರೆ ರಾಯರ ಹೆಂಡತಿ, "ಇದಕ್ಕಿಂತ ದಂಟಿನ ಸೊಪ್ಪು ಹಾಕಿದ್ದರೆ ಹುಳಿಗಾದರೂ ಆಗ್ತಿತ್ತು" ಅಂದರು. ಆ ಶರತ್ಕಾಲದಲ್ಲಿ 140 ಗಿಡವನ್ನೂ ಅಗೆದು ಮೇಲೆತ್ತಿ ಮತ್ತೆ ನೆಟ್ಟೆವು. ಅವತ್ತು ಭಾವನಿಗೆ ಸೊಂಟ ಹಿಡಿದಿತ್ತು. ಬರಲಿಲ್ಲ.

"ಹಳೇ ಕತೆ ಬಿಡಿ" ಅಂದರು ಡಾಕ್ಟ್ರು. "ನನಗೆ ಇರೋದು ಒಂದೇ ಪ್ರಶ್ನೆ. ಊರಲ್ಲಿ ನಿಕೋಲ್ಸ್ ಆರ್ಬೊರೇಟಮ್ ಇದೆ. ಯೂನಿವರ್ಸಿಟಿಯವರ ಗಿಡಮರಗಳ ತೋಟ. 27 ಮಡಿ ಪಿಯೋನಿ. ಭರ್ತಿ ಅರಳಿದಾಗ ಹತ್ತು ಸಾವಿರ ಹೂವು. ಪ್ರವೇಶ ಪುಕ್ಕಟೆ. ಅದನ್ನ ಬಿಟ್ಟು ನಿಮ್ಮ ಗೇಟಿಗೆ ಯಾರು ಬರ್ತಾರೆ ರಾಯರೇ?"

"ಅಲ್ಲಿ ಒಂದು ಹೂ ಕಿತ್ತು ನೋಡಿ, ಗೊತ್ತಾಗುತ್ತೆ. ನನ್ನ ತೋಟದಲ್ಲಿ ಕೀಳಬಹುದು."

"ಅದನ್ನ ಕೊಟ್ಟವರು ಯಾರು ಗೊತ್ತಾ? ನಮ್ಮ ಜನ. ಔಷಧಿಯವರು" ಅಂತ ಡಾಕ್ಟ್ರು ಎದೆ ಉಬ್ಬಿಸಿದರು. ಕಲಮಜೂ ಊರಿನ ಡಾಕ್ಟರ್ ಅಪ್‌ಜಾನ್ 1922ರಲ್ಲಿ ತಮ್ಮ ಗಿಡಗಳನ್ನ ಯೂನಿವರ್ಸಿಟಿಗೆ ಕೊಟ್ಟರಂತೆ. ಅವರು ದುಡ್ಡು ಮಾಡಿದ್ದು ಮಾತ್ರೆಯಲ್ಲಿ. ಆಗಿನ ಮಾತ್ರೆಗಳು ಕಲ್ಲಿನ ಹಾಗೆ ಗಟ್ಟಿ, ಹೊಟ್ಟೆಗೆ ಹೋದರೂ ಕರಗುತ್ತಿರಲಿಲ್ಲ. ಇವರು ಹೆಬ್ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಮಾತ್ರೆ ಮಾಡಿದರು. ಮಾತ್ರೆ ಒತ್ತುವ ಆ ಹೆಬ್ಬೆರಳೇ ಅವರ ಕಂಪನಿಯ ಗುರುತಾಗಿತ್ತು.

"ಹೆಬ್ಬೆರಳಾ? ಹಾಗಾದರೆ ಇವರೂ ಅಪ್‌ಜಾನೇ" ಅಂದರು ಅತ್ತಿಗೆ. "ದಿನಾ ಬೆಳಿಗ್ಗೆ ಸಾಯಂಕಾಲ ಮೊಗ್ಗು ಒತ್ತೋದೇ ಕೆಲಸ."

ಇದನ್ನ ವಿವರಿಸಬೇಕು. ಪಿಯೋನಿಯನ್ನ ಅರಳಿದ ಮೇಲೆ ಕಿತ್ತರೆ ಮೂರು ದಿನಕ್ಕೆ ಉದುರಿ ಹೋಗುತ್ತೆ. ಮೊಗ್ಗಲ್ಲೇ ಕೀಳಬೇಕು. ಆದರೆ ತೀರಾ ಗಟ್ಟಿ ಮೊಗ್ಗು ಕಿತ್ತರೆ ಅದು ಯಾವತ್ತೂ ಅರಳಲ್ಲ, ಗೋಲಿಯಾಗೇ ಉಳಿಯುತ್ತೆ. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಮಾರ್ಷ್‌ಮ್ಯಾಲೋ ಮಿಠಾಯಿ ಹಾಗೆ ತಗ್ಗಬೇಕು ಅಂತ ಇಲ್ಲಿಯವರ ಲೆಕ್ಕ. ರಾಯರಿಗೆ ಮಾರ್ಷ್‌ಮ್ಯಾಲೋ ತಿಂದು ಗೊತ್ತಿಲ್ಲ. ಅದರಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತಲ್ಲ. ಹಾಗಾಗಿ ಅತ್ತಿಗೆ ಅದನ್ನ ಕನ್ನಡಕ್ಕೆ ತಂದಿದ್ದಾರೆ: ಈಗ ತಾನೇ ಹಬೆಯಿಂದ ತೆಗೆದ ಇಡ್ಲಿ. ನಾನು ಒತ್ತಿ ನೋಡಿದ್ದೇನೆ. ಇಡ್ಲಿಯೇ ಸರಿ.

ಹಾಗೆ ಕಿತ್ತ ಮೊಗ್ಗನ್ನ ನೀರಿಗೆ ಹಾಕದೆ, ಎಲೆ ತೆಗೆದು, ನ್ಯೂಸ್‌ಪೇಪರಲ್ಲಿ ಸುತ್ತಿ ಫ್ರಿಜ್ಜಲ್ಲಿಟ್ಟರೆ ವಾರಗಟ್ಟಲೆ ಮಲಗಿರುತ್ತೆ. ಹೊರಗೆ ತೆಗೆದು ನೀರಿಗಿಟ್ಟರೆ ಎಚ್ಚರವಾಗುತ್ತೆ. ಇಷ್ಟೆಲ್ಲ ಚೆನ್ನಾಗಿದೆ. ತೊಂದರೆ ಏನಪ್ಪಾ ಅಂದರೆ ಫ್ರಿಜ್ಜು ಒಂದೇ. ಅತ್ತಿಗೆ ಎದ್ದು ಹೋಗಿ ಬಾಗಿಲು ತೆಗೆದು ತೋರಿಸಿದರು. ಮೇಲಿನ ಎರಡು ತಟ್ಟಲ್ಲಿ ಹೆಣ ಸುತ್ತಿಟ್ಟ ಹಾಗೆ ಪೇಪರ್ ಕಟ್ಟುಗಳು. ದೋಸೆ ಹಿಟ್ಟಿನ ಪಾತ್ರೆ ಹೊರಗೆ ಕಟ್ಟೆ ಮೇಲೆ, ಹುಳಿ ಬಂದು ಮುಚ್ಚಳ ಎತ್ತಿಕೊಂಡು ಇಣುಕುತ್ತಿತ್ತು.

"ಸೇಬು ಕೂಡ ಇಡಂಗಿಲ್ಲ ನನ್ನ ಫ್ರಿಜ್ಜಲ್ಲಿ. ಸೇಬಿನ ಗಾಳಿ ತಾಗಿದರೆ ಹೂವು ಕೆಡುತ್ತಂತೆ. ಮೊಮ್ಮಗು ಸೇಬು ತಿಂದರೆ ಗ್ಯಾರೇಜಿಗೆ ಕಳಿಸ್ತಾರೆ" ಅಂದರು. ಕೊನೆಯದು ಉತ್ಪ್ರೇಕ್ಷೆ ಅಂತ ನನ್ನ ನಂಬಿಕೆ.

ಅಷ್ಟರಲ್ಲಿ ತುಮಕೂರಿಂದ ಬಂದಿರುವ ಅತ್ತಿಗೆಯ ಅಮ್ಮ ಹಿತ್ತಲಿಂದ ಒಳಗೆ ಬಂದರು. ಕೈಯಲ್ಲಿ ಒಂದು ದೊಡ್ಡ ಬಿಳಿ ಹೂವು. 'ಫೆಸ್ಟಿವಾ ಮ್ಯಾಕ್ಸಿಮಾ' ಅನ್ನೋ ಹಳೇ ತಳಿ, 1851ರದ್ದು. ಹಾಲು ಬಿಳುಪಿನ ಎಸಳಿನ ನಡುವೆ ಅಲ್ಲಲ್ಲಿ ಕಡುಗೆಂಪು ಚುಕ್ಕೆ.

"ಯಾರೋ ಪೂಜೆ ಮಾಡಿ ಕುಂಕುಮ ಹಾಕಿಬಿಟ್ಟಿದಾರೆ ಇದಕ್ಕೆ. ಮತ್ತೆ ದೇವರಿಗೆ ಏರಿಸಬಹುದಾ?" ಅಂತ ಕೇಳಿದರು.

"ಅದು ಹುಟ್ಟಿದ್ದೇ ಹಾಗೆ ಅಮ್ಮ" ಅಂದರು ರಾಯರು.

"ಹೌದಾ. ಎಸಳು ಬಿಡಿಸಿದೆ ಒಂದು ಹೂವಿಂದು. ಅಷ್ಟೋತ್ತರ ಮುಗಿದು ಇನ್ನೂ ಮಿಕ್ಕಿತ್ತು. ಕಟ್ಟೋಕೆ ಮಾತ್ರ ಆಗಲ್ಲ. ಮೊಳಕ್ಕೆ ಎರಡೇ ಹೂವು ಬರೋದು."

ಬೋರ್ಡಲ್ಲಿ ಬರೆಯಬಹುದಾದ ಮೊದಲ ಉಪಯುಕ್ತ ವಿಷಯ ಇದೇ ಅಂತ ನನಗೆ ಅನ್ನಿಸಿತು. 'ಒಂದು ಹೂವು, ಒಂದು ಅಷ್ಟೋತ್ತರ.' ರಾಯರು ಒಪ್ಪಲಿಲ್ಲ.

ಅಜ್ಜಿ ಹೂವನ್ನ ಮೇಜಿನ ಮೇಲಿಟ್ಟರು. ಒಳಗಿಂದ ಏಳೆಂಟು ಇರುವೆ ಹೊರಟು ಸಕ್ಕರೆ ಡಬ್ಬಿ ಕಡೆ ಸಾಲು ಹಿಡಿದವು. ಅತ್ತಿಗೆ ಯಾರನ್ನೂ ಕೇಳದೆ ಅರಿಸಿನದಲ್ಲಿ ಒಂದು ಗೆರೆ ಎಳೆದರು.

"ಓಡಿಸಬೇಡಿ ಅತ್ತಿಗೆ" ಅಂದರು ಭಾವ. "ಇರುವೆ ಇಲ್ಲದಿದ್ದರೆ ಪಿಯೋನಿ ಅರಳಲ್ಲ. ಅವು ಎಸಳನ್ನ ಒಂದೊಂದಾಗಿ ಬಿಡಿಸಬೇಕು. ಪಕ್ಕದ ಮನೆ ಅಮೆರಿಕದ ಅಜ್ಜಿಯೂ ಅದನ್ನೇ ಹೇಳಿದ್ರು."

"ಎರಡು ಖಂಡದವರು ಸೇರಿ ಹೇಳಿದರೂ ಸುಳ್ಳು ಸುಳ್ಳೇ" ಅಂದರು ರಾಯರು. "ಮೊಗ್ಗಿನ ಹೊರಗಡೆ ಹಸಿರು ಸಿಪ್ಪೆ ಇದೆಯಲ್ಲ, ಅದರ ಅಂಚಲ್ಲಿ ಸಿಹಿ ಒಸರುತ್ತೆ. ಇರುವೆ ಅದನ್ನ ನೆಕ್ಕೋಕೆ ಬರೋದು. ಊಟದ ಆಸೆಗೆ ಮೊಗ್ಗನ್ನ ತಿನ್ನೋ ಹುಳುಗಳನ್ನ ಓಡಿಸ್ತವೆ. ಅಷ್ಟೇ. ಹೂವು ತಾನಾಗೇ ಅರಳುತ್ತೆ."

"ಅಂದರೆ ಮದುವೆ ಮನೆ ನೆಂಟರು" ಅಂದರು ಡಾಕ್ಟ್ರು. "ಕೆಲಸ ಮಾಡಿದ ಹಾಗೆ ಕಾಣ್ತಾರೆ, ಬಂದಿರೋದು ಲಾಡುಗೆ."

ಮಾತು ಮತ್ತೆ ಬೋರ್ಡಿನಿಂದ ಜಾರಿತು. ಭಾವನಿಗೆ ಈ ಗಡ್ಡೆ ನಾಲ್ಕು ಬೆಂಗಳೂರಿನ ತಂಗಿ ಮನೆಗೆ ಒಯ್ಯುವ ಆಸೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಬಹುಮಾನ ಹೊಡೆಯುವ ಯೋಜನೆ ಕೂಡ ಇತ್ತು. ರಾಯರು ನಗಲಿಲ್ಲ, ಲೆಕ್ಕ ಹೇಳಿದರು. ಪಿಯೋನಿಗೆ ಚಳಿಗಾಲದ ನಿದ್ದೆ ಬೇಕು. ನಾಲ್ಕೈದು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ವಾರಗಟ್ಟಲೆ ಮಲಗಬೇಕು. ಇಲ್ಲಾಂದರೆ ವಸಂತ ಬಂದಿದ್ದೇ ಅದಕ್ಕೆ ಗೊತ್ತಾಗಲ್ಲ. "ಬೆಂಗಳೂರಿನ ದಾಖಲೆಯಲ್ಲೇ ಅತಿ ಜಾಸ್ತಿ ಚಳಿ ಅಂದರೆ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ."

"ಅದಾದ ಮೇಲೆ?"

"ಅದಾದ ಮೇಲೆ ಇನ್ನೂ ಅಷ್ಟು ಚಳಿ ಬಂದಿಲ್ಲ. ನಿಮ್ಮ ತಂಗಿ ಸ್ವೆಟರ್ ಹಾಕ್ಕೊಂಡು ವಾಕಿಂಗ್ ಹೋಗ್ತಾರಲ್ಲ, ಆ ಚಳೀಲಿ ಇದು ಬೆವರುತ್ತೆ."

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಗಲೇ ರಾಯರು ಇಟೋ ಕತೆ ತೆಗೆದದ್ದು. ಇದನ್ನ ಅವರು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ, ನಾವೂ ಕೇಳುತ್ತೇವೆ. ಜಪಾನಿನಲ್ಲಿ ತೊಯ್ಚಿ ಇಟೋ ಅಂತ ಒಬ್ಬರು. ಮರದ ಪಿಯೋನಿಗೂ ನೆಲದ ಪಿಯೋನಿಗೂ ಕಸಿ ಅಲ್ಲ, ಮದುವೆ ಮಾಡಿಸಬೇಕು ಅಂತ ಹೊರಟರು. ಆಗಲ್ಲ ಅಂತ ಎಲ್ಲರೂ ಹೇಳಿದ ಕೆಲಸ. ಸಾವಿರಗಟ್ಟಲೆ ಸಲ ಪರಾಗ ಹಾಕಿ ಸೋತು, ಕೊನೆಗೆ 1948ರಲ್ಲಿ ಬೀಜ ಕಟ್ಟಿತು. ಸಸಿ ಬಂತು. ಆದರೆ 1956ರಲ್ಲಿ ಅವರೇ ಹೋಗಿಬಿಟ್ಟರು. ಹೂ ನೋಡಲಿಲ್ಲ. ಆಮೇಲೆ ಅರಳಿದ್ದು ಹಳದಿ. ನೆಲದ ಪಿಯೋನಿಯಲ್ಲಿ ಅಂಥ ಹಳದಿಯನ್ನ ಜನ ಕಾದು ಕೂತಿದ್ದರು. ಈಗ ಆ ಜಾತಿಗೇ ಇಟೋ ಅಂತ ಹೆಸರು. ರಾಯರ ತೋಟದ ಮೂಲೆಯಲ್ಲಿ ಅಂಥವು ಮೂರಿವೆ.

ಯಾರೂ ಮಾತಾಡಲಿಲ್ಲ. ಅಜ್ಜಿ ಮೆಲ್ಲಗೆ, "ಮಹಾಲಯದಲ್ಲಿ ಅವರ ಹೆಸರಿಗೂ ಒಂದು ಎಳ್ಳುನೀರು ಬಿಡಪ್ಪ" ಅಂದರು. ರಾಯರು ಹೂಂ ಅಂದರು. ಬಿಡುತ್ತಾರೆ ಅಂತಲೇ ಕಾಣುತ್ತೆ.

ನಾನು ಮಾರ್ಕರ್ ತೆಗೆದೆ. "ಕತ್ತಲಾಯ್ತು. ಈಗಲಾದರೂ ಹೇಳಿ, ಏನು ಬರೀಲಿ?"

"ಒಬ್ಬರಿಗೆ ಐದು ಡಾಲರ್" ಅಂದರು ರಾಯರು.

"ಟಾಯ್ಲೆಟ್ ಎಲ್ಲಿ ಅಂತ ಬರೀರಿ" ಅಂದರು ಡಾಕ್ಟ್ರು. "ಹೂ ನೋಡೋಕೆ ಬಂದವರು ಕಾರಿಂದ ಇಳಿದು ಮೊದಲು ಕೇಳೋದು ಅದನ್ನೇ." ಬಾಡಿಗೆಗೆ ಒಂದು ನೀಲಿ ಪೆಟ್ಟಿಗೆ ಟಾಯ್ಲೆಟ್ ತರಿಸೋದು ಅಂತಾಯಿತು. ಅದರ ಬಾಡಿಗೆ ಕೇಳಿ ರಾಯರು ಟಿಕೆಟ್ ಹತ್ತು ಡಾಲರ್ ಮಾಡಿದರು.

"ಡ್ರೋನ್ ಬೇಡ. ನಾಯಿ ಬೇಡ. ಗಿಡದ ನಡುವೆ ಮಲಗಿ ಫೋಟೋ ಬೇಡ" ಅಂದೆ. ಕಳೆದ ವರ್ಷ ಪರಿಚಯದ ಒಂದು ಸಂಸಾರ ನಾಮಕರಣದ ಫೋಟೋಗೆ ಅಂತ ಮಗುವನ್ನ ಹೂವಿನ ಮಧ್ಯೆ ಮಲಗಿಸಿತ್ತು. ಮಗು ಎದ್ದಿತು, ಇರುವೆ ಎದ್ದವು. ಮುಂದಿನದ್ದು ಹೇಳಬೇಕಾಗಿಲ್ಲ.

"ಬಂದವರು ಎಷ್ಟು ಹೊತ್ತಿಗೆ ಬರ್ತಾರೆ?" ಅಂತ ಅತ್ತಿಗೆ ಕೇಳಿದರು.

"ಹತ್ತರಿಂದ ನಾಲ್ಕು."

"ಹಾಗಾದರೆ ಕಾಫಿ ಹೊತ್ತು. ಎಷ್ಟು ಹಾಲು ತರಿಸಲಿ?"

"ಕಾಫಿ ಯಾಕೆ? ಇದು ಬಿಸಿನೆಸ್ಸು!"

"ಮನೆ ಬಾಗಿಲಿಗೆ ಬಂದವರ ಹತ್ತಿರ ದುಡ್ಡು ಇಸ್ಕೊಂಡು ಬರೀ ಬಾಯಲ್ಲಿ ಕಳಿಸ್ತೀರಾ?" ಇದನ್ನ ಕೇಳಿದ್ದು ಅತ್ತಿಗೆ ಅಲ್ಲ, ಅಜ್ಜಿ. ಅಲ್ಲಿಗೆ ಟಿಕೆಟ್ ಹೋಯಿತು. ಗೇಟಿನ ಹತ್ತಿರ ಒಂದು ಡಬ್ಬಿ ಇಡೋದು, ಇಷ್ಟವಿದ್ದವರು ಹಾಕಲಿ ಅಂತಾಯಿತು. ಬೋರ್ಡಲ್ಲಿ ನಾನು ಕೊನೆಗೆ ಇಂಗ್ಲಿಷಿನಲ್ಲಿ ಬರೆದದ್ದು ಎರಡೇ ಸಾಲು: ಪಿಯೋನಿ ತೋಟ, ಒಳಗೆ ಬನ್ನಿ.

ಶುಕ್ರವಾರ ಮಧ್ಯಾಹ್ನ ಮಳೆ ಬಂತು. ಸುಮ್ನೆ ಮಳೆ ಅಲ್ಲ, ಮಲೆನಾಡಿನ ಮಳೆ. ಪಿಯೋನಿಗೆ ತಲೆ ಭಾರ, ಕುತ್ತಿಗೆ ಸಣ್ಣ. ಎಸಳಿನೊಳಗೆ ನೀರು ತುಂಬಿದರೆ ಮುಗಿಯಿತು. ತಂತಿ ಬಳೆಯ ಆಸರೆ ಕೊಟ್ಟವು ಹೇಗೋ ನಿಂತವು. ರಾಯರು ಅರ್ಧ ಗಿಡಕ್ಕೆ ಮಾತ್ರ ಕೊಟ್ಟಿದ್ದರು. ಎಲ್ಲರಿಗಿಂತ ಮೊದಲು ಬಿದ್ದದ್ದು 'ಸಾರಾ ಬರ್ನ್‌ಹಾರ್ಟ್'. 1906ರ ತಳಿ, ಫ್ರಾನ್ಸಿನ ಹೆಸರಾಂತ ನಾಟಕದ ನಟಿಯ ಹೆಸರು ಇಟ್ಟಿದ್ದಾರೆ. "ನಟಿ ಅಲ್ವಾ, ಮೂರ್ಛೆ ಹೋಗೋದು ಅಭ್ಯಾಸ" ಅಂದರು ಭಾವ. ಆ ಸಾಲು ಪೂರ್ತಿ ಗುಲಾಬಿ ಬಣ್ಣದ ತಲೆಗಳು ಕೆಸರಲ್ಲಿ ಮುಖ ಇಟ್ಟಿದ್ದವು.

ರಾಯರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಗ ಅತ್ತಿಗೆ ಏನೂ ಮಾತಾಡದೆ ಒಳಗೆ ಹೋಗಿ ಫ್ರಿಜ್ಜು ತೆಗೆದರು. ಒಂದೊಂದೇ ಪೇಪರ್ ಕಟ್ಟು ಬಿಚ್ಚಿದೆವು. ಕಾಂಡದ ತುದಿ ಓರೆಯಾಗಿ ಕತ್ತರಿಸಿ ಉಗುರು ಬೆಚ್ಚಗಿನ ನೀರಿಗೆ ಇಟ್ಟೆವು. ಬಕೆಟ್ಟು ಸಾಲದೆ ಮದುವೆ ಸಾಂಬಾರಿನ ಕೊಳದಪ್ಪಲೆಗಳೂ ಬಂದವು. ಶನಿವಾರ ಬೆಳಿಗ್ಗೆ ಅವು ಇನ್ನೂ ಇಡ್ಲಿ. ಮಧ್ಯಾಹ್ನದ ಹೊತ್ತಿಗೆ ಒಂದೊಂದಾಗಿ ಬಾಯಿ ಬಿಟ್ಟವು. ಖಾಲಿಯಾದ ಫ್ರಿಜ್ಜಿಗೆ ದೋಸೆ ಹಿಟ್ಟು ಮರಳಿತು.

ಮಳೆ ನಿಂತಿತ್ತು. ಜನ ಬಂದರು. ನಮ್ಮವರು ಕೆಲವರು, ಪಕ್ಕದ ಮನೆಯ ಅಜ್ಜಿ, ಅವರ ಚರ್ಚಿನ ಗೆಳತಿಯರು. ಗ್ಯಾರೇಜಿನಲ್ಲಿ ಕೊಳದಪ್ಪಲೆ ತುಂಬ ಅರಳಿದ ಹೂವು ನೋಡಿ, ಇದೇ ಇಲ್ಲಿಯ ಪದ್ಧತಿ ಇರಬೇಕು ಅಂದುಕೊಂಡು ಫೋಟೋ ತೆಗೆದರು. ಒಂದು ಹೂವು ಕೈಯಲ್ಲಿ, ಒಂದು ಲೋಟ ಕಾಫಿ ಇನ್ನೊಂದು ಕೈಯಲ್ಲಿ. ಡಬ್ಬಿಗೆ ದುಡ್ಡು ಹಾಕೋಕೆ ಬಂದವರನ್ನೆಲ್ಲ ರಾಯರೇ ಎದುರು ಓಡಿ, "ಅಯ್ಯೋ ಬೇಡ ಬೇಡ, ಮಳೆಯಲ್ಲಿ ಹಾಳಾಗಿದೆ, ಮುಂದಿನ ವರ್ಷ ಬನ್ನಿ" ಅಂತ ತಡೆದರು.

ನಾಲ್ಕೂವರೆಗೆ ಗೇಟು ಹಾಕಿದೆವು. ಅತ್ತಿಗೆ ಲೋಟ ಎಣಿಸಿದರು: ಐವತ್ತಮೂರು. ಭಾವ ಡಬ್ಬಿ ಬೋರಲು ಹಾಕಿದರು. ಐದು ಡಾಲರಿನ ಒಂದು ನೋಟು ಬಿತ್ತು.

"ಪರವಾಗಿಲ್ವೇ, ಒಬ್ಬರಾದರೂ ನಿಮ್ಮ ಕಣ್ಣು ತಪ್ಪಿಸಿ ಹಾಕಿದಾರೆ" ಅಂದರು ಡಾಕ್ಟ್ರು.

"ಕೊಡಿ ಇಲ್ಲಿ" ಅಂದರು ರಾಯರು. "ಬೆಳಿಗ್ಗೆ ಬೋಣಿಗೆ ಅಂತ ನಾನೇ ಹಾಕಿದ್ದು."